ಬ್ರಾಂಚ್ ಪ್ರಿಡಿಕ್ಷನ್ ಐದು ಅಂಕದ ಟಿಪ್ಪಣಿಗೇ ಮುಗಿಯಬಾರದು

ಮಾನ್ಯ ಸಂಪಾದಕರೇ,

ಚಿಪ್ ಎಂದೊಡನೆ ಸಾವಿರಾರು ಕೋಟಿ ರೂಪಾಯಿಯ ಕಾರ್ಖಾನೆ ಕಣ್ಣ ಮುಂದೆ ಬರುವುದು ಸಹಜ. ಆದರೆ ಪ್ರೊಸೆಸರಿನ ವೇಗವನ್ನು ನಿರ್ಧರಿಸುವ ಭಾಗಗಳಲ್ಲೊಂದಾದ ಬ್ರಾಂಚ್ ಪ್ರಿಡಿಕ್ಟರನ್ನು, ಅಂದರೆ ಪ್ರೋಗ್ರಾಮಿನ ಕವಲುಗಳನ್ನು ಮೊದಲೇ ಊಹಿಸುವ ಭಾಗವನ್ನು, ಸುಧಾರಿಸುವ ಕೆಲಸವನ್ನು ವಿಜಯಪುರದ ಯಾವುದೇ ಕಾಲೇಜಿನ ಸಾಧಾರಣ ಕಂಪ್ಯೂಟರಿನಲ್ಲೇ ಆರಂಭಿಸಬಹುದು.

ಪ್ರೋಗ್ರಾಮಿನಲ್ಲಿ ಹೆಚ್ಚುಕಡಿಮೆ ಐದಾರು ಸೂಚನೆಗಳಿಗೊಮ್ಮೆ ‘ಹೀಗಿದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ’ ಎಂಬ ಕವಲು ಬರುತ್ತದೆ. ನಮ್ಮ ಖಾನಾವಳಿಗಳಲ್ಲಿ ಬಡಿಸುವವರು ತಾಟು ನೋಡಿಯೇ, ನಾವು ಕೇಳುವ ಮೊದಲೇ ಇನ್ನೊಂದು ರೊಟ್ಟಿ ತರುವಂತೆ, ಪ್ರೊಸೆಸರ್ ಕೂಡ ಉತ್ತರಕ್ಕೆ ಕಾಯದೆ ಒಂದು ದಾರಿಯನ್ನು ಊಹಿಸಿ ಮುಂದೆ ಸಾಗುತ್ತದೆ. ಊಹೆ ತಪ್ಪಿದರೆ ಅಷ್ಟರಲ್ಲಿ ಮಾಡಿದ ಕೆಲಸವನ್ನು ಬಿಟ್ಟು ಹಿಂದಿರುಗಬೇಕು. ಇಂದಿನ ಪ್ರೊಸೆಸರುಗಳಲ್ಲಿ ಒಂದು ತಪ್ಪಿಗೆ 15ರಿಂದ 20 ಕ್ಲಾಕ್ ಸೈಕಲ್ (ಪ್ರೊಸೆಸರಿನ ಕೆಲಸದ ಒಂದೊಂದು ಮಿಡಿತ) ಹಾಳಾಗುವುದು ಸಾಮಾನ್ಯ.

ಕಳೆದ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳಿಂದ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆಸಿದೆ. 0ಯಿಂದ 255ರವರೆಗಿನ ಸಂಖ್ಯೆಗಳು ಅಡ್ಡಾದಿಡ್ಡಿಯಾಗಿ ತುಂಬಿದ ಅರೇಯಲ್ಲಿ (ಸಂಖ್ಯೆಗಳ ಸಾಲು) 128 ಮತ್ತು ಅದಕ್ಕಿಂತ ದೊಡ್ಡವನ್ನು ಮಾತ್ರ ಕೂಡಿಸಬೇಕು, ಅಷ್ಟೇ. ಕೋಡನ್ನು ತಾನೇ ಬದಲಿಸಿ ಚುರುಕಾಗಿಸುವ ಕಂಪೈಲರಿನ ಆಪ್ಟಿಮೈಸೇಶನ್ ಅನ್ನು ಎರಡೂ ಸಲ ನಿಲ್ಲಿಸಿ, ಅದೇ ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಓಡಿಸಿದಾಗ ಕೂಡಿಸುವ ಸಮಯ ಅರ್ಧಕ್ಕಿಂತ ಕೆಳಗಿಳಿಯಿತು. “ಸರ್, ಕೋಡ್ ಅದೇ ಐತಲ್ರೀ!” ಎಂದು ಒಬ್ಬಳು ಮೂರು ಸಲ ಓಡಿಸಿ ನೋಡಿದಳು. ಕೋಡ್ ಅದೇ, ಮೊದಲು ಸಾಲಾಗಿ ‘ಇಲ್ಲ’, ಆಮೇಲೆ ಸಾಲಾಗಿ ‘ಹೌದು’ ಬಂದದ್ದರಿಂದ ಊಹೆ ಮಾತ್ರ ಸುಲಭವಾಗಿತ್ತು.

1981ರಲ್ಲಿ ಜೇಮ್ಸ್ ಸ್ಮಿತ್ ವಿವರಿಸಿದ, ಕವಲು ಹಿಂದೆ ಯಾವ ಕಡೆ ಹೋಗಿತ್ತೆಂದು ನೆನಪಿಡುವ ಎರಡು ಬಿಟ್ ಕೌಂಟರಿನಿಂದ ಹಿಡಿದು, ಹಿಂದಿನ ಕವಲುಗಳ ಇತಿಹಾಸವನ್ನೇ ಆಧಾರವಾಗಿಸಿಕೊಂಡ 1991ರ ಯೇ ಮತ್ತು ಪ್ಯಾಟ್ ಅವರ ವಿಧಾನ, ನರಕೋಶದ ಸರಳ ಮಾದರಿಯಂತೆ ಕಲಿಯುವ 2001ರ ಪರ್ಸೆಪ್ಟ್ರಾನ್, ಬೇರೆ ಬೇರೆ ಉದ್ದದ ಇತಿಹಾಸಗಳನ್ನು ಒಟ್ಟಿಗೆ ನೋಡುವ 2006ರ ಟೇಜ್‌ವರೆಗೆ ಈ ಊಹೆ ಬಹಳ ಹರಿತವಾಗಿದೆ. ಆದರೂ ನಮ್ಮ ಅರೇಯಲ್ಲಿದ್ದಂತೆ, ಬರಲಿರುವ ಡೇಟಾವನ್ನೇ ಅವಲಂಬಿಸಿದ ಕವಲುಗಳು ಇಂದಿಗೂ ಕೈಗೆ ಸಿಗುತ್ತಿಲ್ಲ. ಅಲ್ಲದೆ, 2018ರಲ್ಲಿ ಬೆಳಕಿಗೆ ಬಂದ ಸ್ಪೆಕ್ಟರ್ ದೋಷವು ತಪ್ಪು ಊಹೆಯ ಹಾದಿಯಲ್ಲಿ ಗುಟ್ಟಿನ ಮಾಹಿತಿಯೂ ಸೋರಬಹುದೆಂದು ತೋರಿಸಿತು. ಆದ್ದರಿಂದ ಇಲ್ಲಿ ಸುಧಾರಣೆಯೆಂದರೆ ಬರೀ ವೇಗವಲ್ಲ, ಸುರಕ್ಷತೆಯೂ ಹೌದು.

ಪ್ರಿಡಿಕ್ಟರುಗಳ ಅಂತರರಾಷ್ಟ್ರೀಯ ಸ್ಪರ್ಧೆಗಳ ಸಿಮ್ಯುಲೇಟರುಗಳು (ಚಿಪ್ ಇಲ್ಲದೆಯೇ ವಿನ್ಯಾಸ ಪರೀಕ್ಷಿಸುವ ತಂತ್ರಾಂಶ) ಉಚಿತವಾಗಿ ಸಿಗುತ್ತವೆ. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರಿನ ವಿನ್ಯಾಸವೂ ಮುಕ್ತವಾಗಿದೆ. ಹೀಗಿರುವಾಗ ಈ ವಿಷಯವನ್ನು ಪರೀಕ್ಷೆಯ ಐದು ಅಂಕದ ಟಿಪ್ಪಣಿಯಾಗಿ ಬಾಯಿಪಾಠ ಮಾಡಿಸುವುದು ನನಗೆ ನೋವಿನ ಸಂಗತಿ. ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳು ಅಂತಿಮ ವರ್ಷದ ಪ್ರಾಜೆಕ್ಟುಗಳಲ್ಲಿ ಒಂದನ್ನಾದರೂ ಇದಕ್ಕೆ ಮೀಸಲಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕ, ವಿಜಯಪುರ