ಎದೆ ಕೊಟ್ಟವರಿಗೆ, ಕಿವಿ ಕೊಟ್ಟವರಿಗೆ

ಮೆಡಿಕಲ್ ವಿದ್ಯಾರ್ಥಿಗಳಿಗೆ ರೋಗಿಯ ಹಾಸಿಗೆ ಪಕ್ಕದಲ್ಲೇ ಹೃದಯದ ಸದ್ದು ಕೇಳಲು ಕಲಿಸುತ್ತಿದ್ದವಳು ನಾನು. ಮೊನ್ನೆ ಶನಿವಾರ ನನ್ನ ಕಡೆಯ ವಾರ್ಡ್ ಕ್ಲಾಸ್ ಮುಗಿಯಿತು. ಶಾಲು, ಹಾರ, ಫೋಟೊ ಎಲ್ಲ ಆಯಿತು. ಮೈಕ್ ಕೈಗೆ ಬಂದಾಗ ಮಾತ್ರ ಗಂಟಲು ಕಟ್ಟಿ, "ಎಲ್ಲರಿಗೂ ಥ್ಯಾಂಕ್ಸ್" ಅಂದು ಕೂತುಬಿಟ್ಟೆ. ಎಲ್ಲರಿಗೂ ಅಂದರೆ ಯಾರಿಗೂ ಹೇಳಿದಂತಾಗಲಿಲ್ಲ. ಅದಕ್ಕೇ ಇದು.

ಮೊದಲು ಎದೆ ಕೊಟ್ಟವರಿಗೆ. ಮಡಿಕೇರಿಯ ಜುಲೈ ಚಳಿಯಲ್ಲಿ ಅಂಗಿ ಬಿಚ್ಚಿ ಕೂರುವುದು ಹುಡುಗಾಟವಲ್ಲ. ಹತ್ತು-ಹನ್ನೆರಡು ವಿದ್ಯಾರ್ಥಿಗಳು ಸಾಲಾಗಿ ಬಂದು ತಣ್ಣನೆ ಸ್ಟೆತಾಸ್ಕೋಪ್ ಒತ್ತುತ್ತಾರೆ. (ಅಂಗೈಗೆ ಉಜ್ಜಿ ಬೆಚ್ಚಗೆ ಮಾಡ್ಕೊಳ್ರೋ ಅಂತ ಎಷ್ಟು ಸಲ ಬಾಯಿ ಬಡಿದುಕೊಂಡಿದ್ದೇನೋ.) ಅವರಿಗೆ ಇದರಿಂದ ಕಿಲುಬು ಕಾಸಿನ ಲಾಭವಿಲ್ಲ. ಆದರೂ "ಮಕ್ಕಳು ಕಲೀಲಿ" ಅಂದವರೇ ಹೆಚ್ಚು.

ಕಾಫಿ ತೋಟದ ಲೈನ್ ಮನೆಯಿಂದ ಬಂದಿದ್ದ ಒಬ್ಬ ತಾಯಿಯನ್ನಂತೂ ಮರೆಯಲಾರೆ. ಚಿಕ್ಕಂದಿನಲ್ಲಿ ಬಂದಿದ್ದ ರುಮ್ಯಾಟಿಕ್ ಜ್ವರ ಅವರ ಹೃದಯದ ಎಡಭಾಗದ ಮೈಟ್ರಲ್ ಕವಾಟವನ್ನು ಕಿರಿದು ಮಾಡಿತ್ತು. ಕಿರಿದಾದ ಕವಾಟದಲ್ಲಿ ರಕ್ತ ನುಗ್ಗುವ ಆ ಸದ್ದು ಬಲು ತಗ್ಗು. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಬಡಿತ ಬೆರಳಿಗೆ ಸಿಗುವ ಜಾಗದಲ್ಲಿ ಸ್ಟೆತ್‌ನ ಬೆಲ್ಲನ್ನು, ಅಂದರೆ ತಗ್ಗು ಸದ್ದು ಹಿಡಿಯುವ ಬಟ್ಟಲಿನಂಥ ಬದಿಯನ್ನು, ಹೂವಿಟ್ಟಂತೆ ಇಡಬೇಕು. ಗಟ್ಟಿಯಾಗಿ ಒತ್ತಿದರೆ ಅದರಡಿಯ ಚರ್ಮವೇ ಬಿಗಿದು ಸ್ಟೆತ್‌ನ ಇನ್ನೊಂದು ಬದಿಯ ಚಪ್ಪಟೆ ಪೊರೆಯಂತೆ, ಡಯಾಫ್ರಂ ಆಗಿಬಿಡುತ್ತದೆ, ತಗ್ಗು ಸದ್ದು ಮಾಯ. ಆರನೆಯವನ ಸರದಿ ಬರುವಷ್ಟರಲ್ಲಿ ವರಾಂಡದ ಶೀಟಿನ ಮೇಲೆ ಮಳೆ ಧೋ ಎಂದು ಇಳಿಯಿತು. ಇನ್ನು ಏನು ಕೇಳುವುದು? "ಸಾಕಮ್ಮ, ಎದ್ದೇಳಿ" ಅಂದೆ. "ಹೊಳವಾಗ್ಲಿ ಮೇಡಂ, ಹಿಂಗೇ ಮಲ್ಗಿರ್ತೀನಿ" ಅಂದರು. ಅರ್ಧ ಗಂಟೆ ಹಾಗೇ ಇದ್ದರು. ಕೊನೆಯ ಹುಡುಗಿ ಕೇಳಿ ಮುಗಿಸಿದ ಮೇಲೆ, "ನಂಗೂ ಒಂದ್ಸಲ ಕೇಳ್ಸಿ" ಅಂದರು. ಕಿವಿಗೆ ಸಿಕ್ಕಿಸಿದೆ. ಕಣ್ಣು ಮುಚ್ಚಿ ಕೇಳಿ, "ದೂರ್ದಲ್ಲಿ ಪಲ್ಪರ್ ಓಡ್ದಂಗಿದೆ" ಅಂದರು. ಪುಸ್ತಕಗಳು ಅದನ್ನು ಗುಡುಗಿಗೆ ಹೋಲಿಸುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಆ ಗರಗರವೇ ನನಗೆ ಸರಿ ಅನ್ನಿಸಿತು. ಅಲ್ಲಿಂದ ಮುಂದೆ ಪ್ರತಿ ಬ್ಯಾಚಿಗೂ ಪಲ್ಪರ್ ಅಂತಲೇ ಹೇಳಿಕೊಟ್ಟೆ.

ಇನ್ನು ಕಿವಿ ಕೊಟ್ಟವರು. ಹೃದಯದ ಮಾಮೂಲಿ ಸದ್ದು ಎರಡು, ಲಬ್ ಮತ್ತು ಡಬ್. ಕೆಲವರಲ್ಲಿ ಅವುಗಳ ಜೊತೆ ಕೇಳುವ ಮೂರನೆಯ, ನಾಲ್ಕನೆಯ ಸದ್ದುಗಳ ತಾಳವನ್ನು ನಾವು ಕಲಿತದ್ದು ಕೆಂಟಕಿ, ಟೆನೆಸ್ಸಿ ಅಂತ ಅಮೆರಿಕದ ರಾಜ್ಯಗಳ ಹೆಸರು ಜಪಿಸಿ. ಬೀದರ್ ಕಡೆಯ ಒಬ್ಬ ಹುಡುಗ ಒಂದು ದಿನ, "ಅಷ್ಟ್ ದೂರ ಯಾಕ್ರಿ ಮೇಡಂ" ಅಂದ. ಡಬ್ ಆದ ಬೆನ್ನಿಗೇ ಮೂರನೆಯದು ಬಂದರೆ "ಕಾ... ವೇರಿ". ಲಬ್‌ಗಿಂತ ಒಂದು ಚಣ ಮೊದಲೇ ನಾಲ್ಕನೆಯದು ಬಂದರೆ "ಕೊಡ... ಗು". ಹೇಳಿ ನೋಡಿ, ತಾಳ ಕೂತುಬಿಡುತ್ತದೆ. ಇದನ್ನು ನನ್ನ ಹೆಸರಿನಲ್ಲಿ ಹೊಗಳಿದವರಿದ್ದಾರೆ; ಅದು ಅವನದು.

ಹೇಳಲು ಕಷ್ಟವಾಗುವುದು ಮುಂದಿನದು. ಮೂರು ವರ್ಷದ ಹಿಂದೆ ಒಬ್ಬ ಅಜ್ಜನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಉಸಿರು ಹೊರಗೆ ಬಿಟ್ಟು ಹಿಡಿಯಲು ಹೇಳಿ, ಎದೆಮೂಳೆಯ ಎಡಪಕ್ಕ ಸ್ಟೆತ್ ಇಟ್ಟೆ. "ಲಬ್-ಡಬ್ ಎರಡೂ ಚೊಕ್ಕ, ಬೇರೇನೂ ಇಲ್ಲ" ಅಂದೆ. ಎಲ್ಲರೂ ಹೂಂ ಅಂದರು. ಹಿಂದೆ ನಿಂತಿದ್ದ ಒಬ್ಬಳು ಮಾತ್ರ, "ಮೇಡಂ, ಡಬ್ ಆದ್ಮೇಲೆ ಯಾರೋ ಮೆಲ್ಲಗೆ ಊದ್ದಂಗೆ ಇದೆ" ಅಂದಳು. "ಅದು ಉಸಿರಿನ ಸದ್ದು, ಸರಿಯಾಗಿ ಕೇಳು" ಅಂತ ಗದರಿದೆ. ಮಾರನೆಯ ದಿನ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬಂತು: ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ಕವಾಟ ಸೋರುತ್ತಿದೆ. ಸೋರಿಕೆಯ ಆ ಸದ್ದು ಮೆಲು, ಶ್ರುತಿ ಏರು. ಮೈಸೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡೆ. ಮಂದ್ರ ಚೆನ್ನಾಗಿದೆ, ತಾರದ ಕಡೆ ಇಳಿದಿದೆ. ಹೃದಯದ ಸದ್ದು ಕಲಿಸುವವಳ ಕಿವಿಯೇ ಹೀಗೆ ಅಂದಾಗ ಎರಡು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಬ್ಯಾಚಿನ ಮುಂದೆ ಅವಳ ಕ್ಷಮೆ ಕೇಳಿದೆ. ಅವಳಿಗೇ ಮುಜುಗರವಾಯಿತು, ಪಾಪ. ಸದ್ದು ಹಿಗ್ಗಿಸುವ ಎಲೆಕ್ಟ್ರಾನಿಕ್ ಸ್ಟೆತ್ ಕೊಂಡೆ. ಇನ್ನೊಂದು ನಿಯಮ ತಂದೆ: ಎಲ್ಲರೂ ಕೇಳಿ ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದು, ಕೇಳಿದ್ದನ್ನು ಚೀಟಿಯಲ್ಲಿ ಬರೆದು ಕೊಡಬೇಕು, ನಾನೂ ಸೇರಿ. ಮೇಡಂ ಹೇಳಿದ್ದೇ ಕಿವಿಗೆ ಕೇಳುವ ರೋಗ ಅದರಿಂದ ಎಷ್ಟೋ ಕಮ್ಮಿಯಾಯಿತು. ಆ ಹುಡುಗಿ ಈಗ ಹೌಸ್ ಸರ್ಜನ್. ಅನುಮಾನ ಬಂದಾಗೆಲ್ಲ ನಾನು ಕರೆಯುತ್ತಿದ್ದದ್ದು ಅವಳನ್ನೇ.

"ಎಕೋ ಇರುವಾಗ ಇದೆಲ್ಲ ಯಾಕೆ?" ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ: ಯಾರನ್ನು ಎಕೋಗೆ ಕಳಿಸಬೇಕು ಅಂತ ಹೇಳುವವರು ಯಾರು? 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್, ಹೆಣ್ಣುಮಗಳೊಬ್ಬಳ ಎದೆಗೆ ನೇರ ಕಿವಿ ಇಡಲು ಸಂಕೋಚಪಟ್ಟು ಕಾಗದ ಸುರುಳಿ ಸುತ್ತಿದ; ಅದೇ ಮೊದಲ ಸ್ಟೆತ್. ಆ ಸಂಕೋಚಕ್ಕೂ ಒಂದು ನಮಸ್ಕಾರ ಇರಲಿ.

ನಾನು ಸ್ಟೆತ್ ಕಿವಿಗೇರಿಸಿದ ಕೂಡಲೇ ಫ್ಯಾನು, ಫೋನು, ಪಕ್ಕದ ಬೆಡ್ಡಿನ ಹರಟೆ ಎಲ್ಲವನ್ನೂ ಒಂದೇ ಕಣ್ಸನ್ನೆಯಲ್ಲಿ ನಿಲ್ಲಿಸುತ್ತಿದ್ದ ವಾರ್ಡಿನ ಸಿಸ್ಟರ್‌ಗಳಿಗೆ ಏನು ಹೇಳಲಿ? ಬಾಯಿ ಬಿಟ್ಟು ಒಂದು ದಿನವೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಥ್ಯಾಂಕ್ಸ್ ಸಿಸ್ಟರ್.

ಪಲ್ಪರ್ ಸದ್ದು ಹೇಳಿಕೊಟ್ಟ ತಾಯಿಗೆ ಇದನ್ನು ಯಾರಾದರೂ ಓದಿ ಹೇಳಿ. ಅಮ್ಮಾ, ಆ ಜ್ವರ ಮತ್ತೆ ಬರದಂತೆ ಕೊಡುವ 21 ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸಬೇಡಿ. ಮಳೆಗೆ ಬಸ್ ನಿಲ್ಲುವ ಹಾಗಿದ್ದರೆ ಎರಡು ದಿನ ಮುಂಚೆಯೇ ಬಂದುಬಿಡಿ. ನಾನಿರುವುದಿಲ್ಲ, ಹುಡುಗಿ ಇರುತ್ತಾಳೆ. ಸ್ಟೆತ್ ಬೆಚ್ಚಗೆ ಮಾಡಿಕೊಂಡೇ ಇಡುತ್ತಾಳೆ.