ಹಪ್ಪಳ ಸುಡಲೆ ಬಾರೇ

ಶಿರಸಿ
ಡಿಸೆಂಬರ್ 10

ಪ್ರೀತಿಯ ಕೂಸೇ,

ನಿನ್ನೆ ಫೋನಿನಲ್ಲಿ "ಆರಾಮಿದ್ದೆ ಆಯಿ" ಅಂದೆಯಲ್ಲ, ಆ ಆರಾಮ ಎಂಥದ್ದು ಅಂತ ನನಗೆ ಗೊತ್ತು. ಮತ್ತೆ ಕೇಳಿದರೆ ಮತ್ತೆ ಅದನ್ನೇ ಹೇಳುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ತಮ್ಮ ಇದರ ಫೋಟೋ ಹೊಡೆದು ವಾಟ್ಸಾಪಿಗೆ ಹಾಕುತ್ತಾನಂತೆ, ಕಾಗದ ಆಮೇಲೆ ಪಾರ್ಸೆಲ್ಲಿನಲ್ಲಿ ಬರುತ್ತದೆ.

ಸ್ಟಾಕ್‌ಹೋಮಿನಲ್ಲಿ ಈಗ ಹಗಲು ಆರು ತಾಸು ಮಾತ್ರ ಅಂತ ಅಪ್ಪ ಹೇಳಿದರು. ಕೂತು ಲೆಕ್ಕ ಹಾಕಿದೆ. ನಾನು ಇಲ್ಲಿ ಮಧ್ಯಾಹ್ನದ ಊಟಕ್ಕೆ ಬಾಳೆ ಹಾಕುವಾಗ ನಿನಗೆ ಬೆಳಗಾಗುತ್ತದೆ. ನಾವು ದೇವರಿಗೆ ದೀಪ ಹಚ್ಚಿ ಒಂದು ತಾಸಾಗುವಷ್ಟರಲ್ಲಿ ನಿನ್ನಲ್ಲೂ ಸೂರ್ಯ ಮುಳುಗಿರುತ್ತಾನೆ. ನಮ್ಮ ಎರಡು ಊಟದ ನಡುವೆ ನಿನ್ನ ಇಡೀ ದಿನ ಮುಗಿದುಹೋಯಿತಲ್ಲ!

ಚಳಿಗಾಲದ ಬೇಸರ ಅಂದರೆ ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಅಂಗಳದ ತುಂಬ ಅಡಿಕೆ, ಬಿಸಿಲು, ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸಪ್ಪಳ. ಬೇಸರ ಮಾಡಿಕೊಳ್ಳಲು ಪುರಸೊತ್ತೇ ಇಲ್ಲ. ನಮ್ಮ ಕತ್ತಲೆಯೆಲ್ಲ ಆಷಾಢದ್ದು.

ನಿನಗೆ ಹೇಳಿರಲಿಲ್ಲ. ಘಟ್ಟದ ಕೆಳಗಿಂದ ಮದುವೆಯಾಗಿ ಬಂದವಳು ನಾನು. ಕುಮಟೆಯಲ್ಲೂ ಮಳೆ ಏನು ಕಡಿಮೆಯಲ್ಲ, ಆದರೆ ಅಲ್ಲಿ ಸಮುದ್ರದ ಕಡೆ ಆಕಾಶ ತೆರೆದಿರುತ್ತದೆ. ದೇವಿಮನೆ ಘಟ್ಟ ಹತ್ತಿ ಈ ಮನೆಗೆ ಬಂದರೆ ಮುಂದೆ ತೋಟ, ಹಿಂದೆ ಬೆಟ್ಟ, ಮೇಲೆ ಸೋಗೆಯ ಮಾಡಿನಿಂದ ತೊಟ್ಟಿಕ್ಕುವ ನೀರು. ಮೊದಲ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣಲಿಲ್ಲ. ಹಾಸಿಗೆಯಿಂದ ಏಳಲು ಮನಸ್ಸಿಲ್ಲ, ಊಟ ಸೇರುವುದಿಲ್ಲ, ಸುಮ್ಮನೆ ಅಳು. ನನ್ನ ಅತ್ತೆ, ನಿನ್ನ ಅಮ್ಮಮ್ಮ, ಒಂದು ಮಾತೂ ಕೇಳಲಿಲ್ಲ. ಒಂದು ಸಂಜೆ ಬಚ್ಚಲೊಲೆಯ ಮುಂದೆ ಕೂತು ಕೂಗಿದರು, "ಹಪ್ಪಳ ಸುಡಲೆ ಬಾರೇ ತಂಗಿ, ಕೆಂಡ ಆರ್ತಾ ಇದ್ದು!"

ಕೆಂಡ ಆರುತ್ತದೆ ಎಂದ ಮೇಲೆ ಏಳದೆ ಏನು ಮಾಡುವುದು? ಹಲಸಿನ ಹಪ್ಪಳವನ್ನು ಕೆಂಡದ ಮೇಲಿಟ್ಟರೆ ಗುಳ್ಳೆ ಏಳುತ್ತಿದ್ದಂತೆ ಮಗುಚಬೇಕು. ಕಣ್ಣು ಒಂದು ಗಳಿಗೆ ಆಚೆ ಹೋದರೂ ಕರಿ. ಮಗುಚಿ, ಅಂಚು ಮಡಿಚಿಕೊಳ್ಳುವಾಗ ತೆಗೆದು, ಬೂದಿ ಕೊಡವಿ, ಕಾಯಿಚೂರಿನ ಜೊತೆ ಬಿಸಿಬಿಸಿ ಬಾಯಿಗೆ. ಅವತ್ತು ಆರೋ ಏಳೋ ಸುಟ್ಟೆ, ಎರಡು ಕರಿಯಾಯಿತು. ಅಷ್ಟು ಹೊತ್ತು ಅಳುವುದು ನೆನಪೇ ಆಗಲಿಲ್ಲ. ಮರುದಿನವೂ ಅದೇ ಹೊತ್ತಿಗೆ ಕೂಗು. ಅತ್ತೆಗೆ ಹಪ್ಪಳದ ಆಸೆ ಅಂತಲೇ ತಿಳಿದಿದ್ದೆ. ಅವರಿಗೆ ಆಗಲೇ ಅರ್ಧ ಹಲ್ಲಿರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಬೆಂಗಳೂರಿನ ನಿನ್ನ ಡಾಕ್ಟರ್ ಭಾವನ ಹತ್ತಿರ ಕೇಳಿದೆ. ಚಳಿಗಾಲದ ಈ ಬೇಸರದ ಕಾಯಿಲೆಗೆ 1984ರಲ್ಲೇ ಹೆಸರಿಟ್ಟಿದ್ದಾರಂತೆ, ನಾರ್ಮನ್ ರೋಸೆಂಥಾಲ್ ಎನ್ನುವ ವೈದ್ಯರು ಮತ್ತು ಅವರ ಜೊತೆಯವರು. ಅವರೂ ಬಿಸಿಲ ಸೀಮೆಯವರೇ, ದಕ್ಷಿಣ ಆಫ್ರಿಕಾದಿಂದ ನ್ಯೂಯಾರ್ಕಿಗೆ ಹೋದವರು. ಅಲ್ಲಿಯ ಚಳಿಗಾಲದಲ್ಲಿ ತಮ್ಮ ಮೈಯೇ ಜಡವಾದದ್ದು ನೋಡಿ ಯೋಚನೆಗೆ ಹತ್ತಿದರಂತೆ. ಬೆಳಿಗ್ಗೆ ಕಣ್ಣಿಗೆ ಬೆಳಕು ಬೀಳದಿದ್ದರೆ ಮೈಯೊಳಗಿನ ಗಡಿಯಾರ ತಪ್ಪುತ್ತದೆ. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರಂತೆ; ಮನೆಯ ಬಲ್ಬಿನದು ಕೆಲವು ನೂರು ಲಕ್ಸ್, ಇದಕ್ಕೆಂದೇ ಸಿಗುವ ದೀಪದ್ದು 10,000. ಎದ್ದ ಕೂಡಲೆ ಅರ್ಧ ತಾಸು ಅದರ ಮುಂದೆ ಕೂತು ಚಾ ಕುಡಿಯಬೇಕು, ದೀಪವನ್ನೇ ದಿಟ್ಟಿಸಬಾರದು. ತಗೋ. ದುಡ್ಡಿನ ಲೆಕ್ಕ ಅಪ್ಪನಿಗೆ ನಾನು ಹೇಳುತ್ತೇನೆ. ಮೋಡವಿದ್ದರೂ ಹೊರಗಿನ ಬೆಳಕು ಕೋಣೆಯದಕ್ಕಿಂತ ಎಷ್ಟೋ ಹೆಚ್ಚಂತೆ. ಅದಕ್ಕೆ ದುಡ್ಡೂ ಬೇಡ.

ಎರಡು ವಾರವಾದರೂ ನಿದ್ದೆ, ಊಟ, ಕೆಲಸ ಯಾವುದೂ ಸರಿಹೋಗದಿದ್ದರೆ ಅಲ್ಲಿಯ ಡಾಕ್ಟರನ್ನು ನೋಡು. ಆಗ ಹಪ್ಪಳದಿಂದ ಗುಣವಾಗುವುದಲ್ಲ ಅದು.

ಉಳಿದ ಹೊತ್ತಿಗೆ ಕೈಗೆ ಏನಾದರೂ ಇರಲಿ. ಕಷಾಯದ ಪುಡಿ ಮಾಡಿ ಕಳಿಸುವುದಿಲ್ಲ ಈ ಸಲ, ಕೊತ್ತಂಬರಿ, ಜೀರಿಗೆ ಇಡಿಯಾಗಿಯೇ ಕಟ್ಟಿದ್ದೇನೆ. ನೀನೇ ಹುರಿ. ಜೀರಿಗೆ ಬಾಣಲೆಯಲ್ಲಿ ಚಟಪಟ ಅನ್ನುವಾಗ ಏಳುವ ಪರಿಮಳ ಡಬ್ಬಿ ತೆರೆದರೆ ಸಿಗುವುದಲ್ಲ. 13ಕ್ಕೆ ನಿಮ್ಮಲ್ಲಿ ಲೂಸಿಯಾ ಹಬ್ಬವಲ್ಲ, ತಲೆಯ ಮೇಲೆ ಮೇಣದ ದೀಪ ಇಟ್ಟುಕೊಂಡು ಹಾಡುವ ಹುಡುಗಿಯರ ಫೋಟೋ ನೀನೇ ಕಳಿಸಿದ್ದೆ ಹೋದ ವರ್ಷ. ಆಫೀಸಿನವರು ಕರೆದರೆ ಹೋಗು, ಕೇಸರಿ ಹಾಕಿದ ಬನ್ನು ತಿನ್ನು. ಕತ್ತಲೆಯಲ್ಲೇ ಹುಟ್ಟಿ ಬೆಳೆದವರು ಅವರು, ಅವರ ಉಪಾಯ ಅವರಿಗೆ ಗೊತ್ತು.

ಹಪ್ಪಳ ಎರಡು ಕಟ್ಟು ಇಟ್ಟಿದ್ದೇನೆ. ಕಿಟಕಿ ತೆರೆದುಕೊಂಡು ಸುಡು ಮಾರಾಯ್ತಿ, ಮತ್ತೆ ಹೊಗೆಯ ಅಲಾರಂ ಹೊಡೆದೀತು. ಹಾಳೆಯಂಥ ತೆಳು ಸಿಹಿ ತೊಡದೇವು ಈ ಸಲ ಇಲ್ಲ. ಹೋದ ಸಲದ್ದು ಪುಡಿಪುಡಿಯಾಗಿ ನೀನು ಚಮಚದಲ್ಲಿ ತಿಂದೆಯಂತೆ.

ನಾಳೆಯಿಂದ ನಮ್ಮ ಒಂದು ಗಂಟೆಗೆ ಸರಿಯಾಗಿ ಫೋನ್ ಮಾಡುತ್ತೇನೆ. ಬೂಟು ಹಾಕಿಕೊಂಡು ಹೊರಗೆ ನಿಂತು ಎತ್ತು. ಮಾತಾಡಲೇಬೇಕೆಂದಿಲ್ಲ. ಅಪ್ಪ ಮಜ್ಜಿಗೆ ಸುರಿಯುವ ಸದ್ದು ಕೇಳಿದರೆ ಮಾತ್ರ ನಗಬೇಡ, ಅವರಿಗೆ ಸಿಟ್ಟು ಬರುತ್ತದೆ.

ನಿನ್ನ
ಆಯಿ