ಬೆಕ್ಕು ಕಚ್ಚಿದರೆ: ಬೆಕ್ಕಿರುವ ಮನೆಯವರು ತಪ್ಪದೆ ಓದಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಬಿ ಬ್ಲಾಕ್‌ನ ಮಗುವಿಗೆ ಮನೆಯ ಬೆಕ್ಕೇ ಕೈ ಕಚ್ಚಿತ್ತು. ಮಗು ಈಗ ಆರಾಮಾಗಿದೆ. ಆದರೂ ಬೆಕ್ಕು ಸಾಕಿದವರು, ಪಾರ್ಕಿಂಗ್‌ನಲ್ಲಿ ಬೆಕ್ಕುಗಳಿಗೆ ಹಾಲು ಇಡುವವರು ಇದನ್ನು ಗಮನಿಸಿ.

ಕಚ್ಚಿದ ಕೂಡಲೇ ನಲ್ಲಿ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಎರಡು ನಿಮಿಷಕ್ಕೇ ಸಾಕು ಅನಿಸುತ್ತದೆ! ಆಮೇಲೆ ಬೆಟಡಿನ್ ಹಚ್ಚಿ. ಅರಿಶಿನ, ಸುಣ್ಣ, ಕಾಫಿಪುಡಿ ಬೇಡವೇ ಬೇಡ.

ಗಾಯ ಚಿಕ್ಕದು ಅಂತ ಸುಮ್ನೆ ಬಿಡಬೇಡಿ. ಬೆಕ್ಕಿನ ಹಲ್ಲು ಸೂಜಿ ಹಾಗೆ. ಮೇಲೆ ಸಣ್ಣ ತೂತು, ಬ್ಯಾಕ್ಟೀರಿಯಾ ಮಾತ್ರ ಆಳಕ್ಕೆ ಹೋಗಿರುತ್ತದೆ. 12ರಿಂದ 24 ಗಂಟೆಯೊಳಗೇ ಸೋಂಕು ಕಾಣಿಸಬಹುದು. ಊತ, ಬಿಸಿ, ಕೀವು, ಜಾಸ್ತಿಯಾಗುತ್ತಿರುವ ನೋವು, ಮೇಲಕ್ಕೆ ಹರಡುವ ಕೆಂಪು ಗೆರೆ, ಜ್ವರ, ಬೆರಳು ಮಡಚಲು ಆಗದಿರುವುದು: ಇದರಲ್ಲಿ ಒಂದು ಕಂಡರೂ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಕೈಗೆ ಕಚ್ಚಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಇದನ್ನೆಲ್ಲ ಕಾಯದೆ ಮೊದಲೇ ತೋರಿಸಿ. ಆಂಟಿಬಯೋಟಿಕ್ ಡಾಕ್ಟರ್ ಹೇಳಿದರೆ ಮಾತ್ರ.

ರೇಬಿಸ್ ಮತ್ತು ಟಿಟಿ ಇಂಜೆಕ್ಷನ್ ಬಗ್ಗೆ ಅದೇ ದಿನ ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಉಚಿತ. ಬೆಕ್ಕನ್ನು ಓಡಿಸಬೇಡಿ, 10 ದಿನ ಅದರ ಮೇಲೆ ಕಣ್ಣಿಡಿ. ಹಾಗಂತ ಇಂಜೆಕ್ಷನ್ ಮುಂದಕ್ಕೆ ಹಾಕಬೇಡಿ.

ಬೆಕ್ಕು ಸಾಕಿದವರು ಅದರ ಲಸಿಕೆ ಕಾರ್ಡಿನ ಫೋಟೋವನ್ನು ಭಾನುವಾರ ಸಂಜೆಯೊಳಗೆ ನನಗೆ ಕಳಿಸಿ, ಗುಂಪಿಗೆ ಹಾಕುವುದು ಬೇಡ. ಲಸಿಕೆ ಹಾಕಿಸಿಲ್ಲದಿದ್ದರೆ ಅದನ್ನೂ ತಿಳಿಸಿ, ಎಲ್ಲರೂ ಸೇರಿ ಒಂದೇ ದಿನ ಪಶುವೈದ್ಯರನ್ನು ಕರೆಸೋಣ.